ನೆಂಟರು ನಗುವಾಗ ನೀವೆಲ್ಲಿದ್ದಿರಿ?

ಪ್ರಶ್ನೆ: ನನಗೆ 48 ವರ್ಷ. ಮನೆಯಲ್ಲಿ ನಾನು, ನನ್ನ ಗಂಡ, ಡಿಗ್ರಿ ಓದುವ ಮಗ, ಅತ್ತೆ. ಮನೆಗೆ ಜನ ಬರುತ್ತಾರೆ ಅಂದರೆ ನನಗೆ ಖುಷಿಯೇ. ಆದರೆ ವಾರ ಮುಂಚಿನಿಂದಲೇ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ. ಬಂದ ಮೇಲೆ ಅಡುಗೆಮನೆ ಬಿಟ್ಟು ಆಚೆ ಬರುವುದೇ ಇಲ್ಲ. ಅವರು ಹೋದ ಮೇಲೆ ಎರಡು ದಿನ ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತದೆ. ಕಳೆದ ಸಲ ಎಲ್ಲರೂ ಮಲಗಿದ ಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಗಂಡನಿಗೆ ಹೇಳಿದರೆ, 'ಅಷ್ಟೆಲ್ಲ ಮಾಡು ಅಂತ ಯಾರು ಹೇಳಿದ್ರು? ಸುಮ್ನೆ ಟೆನ್ಷನ್ ಮಾಡ್ಕೋತೀಯ' ಅಂತಾರೆ. ನನ್ನ ಅಮ್ಮ ಹದಿನೈದು ಜನ ಬಂದರೂ ನಗುನಗುತ್ತಾ ಮಾಡುತ್ತಿದ್ದರು. ಮುಂದಿನ ತಿಂಗಳು ಕಾಲೇಜಿನ ಮೂವರು ಗೆಳತಿಯರು ಎರಡು ದಿನ ಇರಲು ಬರುತ್ತಿದ್ದಾರೆ. ನಾಲ್ವರೂ ಸೇರುತ್ತಿರುವುದು ಇಪ್ಪತ್ತೆರಡು ವರ್ಷದ ಮೇಲೆ. ಅವರಲ್ಲಿ ಒಬ್ಬಳು ತುಂಬಾ ಸ್ಥಿತಿವಂತಳು. ಅದೇ ಹೊತ್ತಿಗೆ ಭಾವನ ಮನೆಯವರು ನಾಲ್ಕು ಜನ ಬರುತ್ತೇವೆ ಅಂದರು. ಎರಡೂ ಒಟ್ಟಿಗೆ ಮುಗಿಯಲಿ ಅಂತ ಒಪ್ಪಿಕೊಂಡೆ. ಈಗ ನಿದ್ದೆ ಬರುತ್ತಿಲ್ಲ. ನಾನು ಜನ ಸೇರದವಳಾಗಿಬಿಟ್ಟೆನಾ? ಏನಾದರೂ ನೆಪ ಹೇಳಿ ಬೇಡ ಅಂದುಬಿಡಲಾ? ಹಾಲ್‌ನ ಸೋಫಾ ಒಂದು ಕಡೆ ಹರಿದಿದೆ. ಅದಕ್ಕೇನು ಮಾಡಲಿ ಅನ್ನುವುದೂ ತಲೆ ಕೊರೆಯುತ್ತಿದೆ. ನಗಬೇಡಿ.

ಉತ್ತರ: ನಗಲಿಲ್ಲ. ಸೋಫಾ ವಿಷಯ ಕೊನೆಗೆ ನೋಡೋಣ.

ನಿಮ್ಮ ಪತ್ರದಲ್ಲಿ ಎರಡು ಮಾತುಗಳ ಕೆಳಗೆ ನಾನು ಗೆರೆ ಎಳೆದಿದ್ದೇನೆ. ಒಂದು, 'ಖುಷಿಯೇ'. ಇನ್ನೊಂದು, 'ಒಟ್ಟಿಗೆ ಮುಗಿಯಲಿ'. ಇಪ್ಪತ್ತೆರಡು ವರ್ಷ ಕಾದು ಸೇರುತ್ತಿರುವ ಗೆಳತಿಯರ ಬಗ್ಗೆ 'ಮುಗಿಯಲಿ' ಅನ್ನುವ ಮಾತು ಬಂದಿದೆ ಅಂದರೆ, ನಿಮಗೆ ಜನ ಬೇಡವಾಗಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. ಜನ ಬಂದಾಗ ನಿಮ್ಮ ಪಾಲಿಗೆ ಬರುವ ಕೆಲಸ ಬೇಡವಾಗಿದೆ. ಇವೆರಡೂ ಬೇರೆ ಬೇರೆ. ಆದರೆ ಒಳಗಿನಿಂದ ನೋಡಿದಾಗ ಎರಡೂ ಒಂದೇ ಥರ ಕಾಣುತ್ತವೆ, ಅದೇ ತೊಂದರೆ. 'ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ' ಅಂತ ಜಿಪುಣರನ್ನು ಆಡಿಕೊಳ್ಳುತ್ತಾರಲ್ಲ, ನಿಮ್ಮದು ಅದಲ್ಲ. ಅಕ್ಕಿ ಎಷ್ಟು ಬೇಕಾದರೂ ಹಾಕುತ್ತೀರಿ. ಸಾಲದೇ ಬರುವುದು ನೀವೇ.

ಕುಟುಂಬಗಳ ಜೊತೆ ಆಪ್ತಸಮಾಲೋಚನೆ ಮಾಡುವುದು ನನ್ನ ಕೆಲಸ. ಈ ದೂರು ನನಗೆ ಹೊಸದಲ್ಲ. ಹಬ್ಬ, ಮದುವೆ, ರಜೆ ಮುಗಿದ ಮರುವಾರ ಬರುವವರಲ್ಲಿ ಇದನ್ನು ಹೇಳದವರೇ ಕಡಿಮೆ. ಆದರೆ ಇದನ್ನು ನಾನು ಕಲಿತದ್ದು ಅವರಿಂದಲ್ಲ, ನನ್ನ ಮನೆಯ ಸಿಂಕ್ ಮುಂದೆ ನಿಂತು. ಕೆಲವು ವರ್ಷದ ಹಿಂದೆ ಹಳೆಯ ಗೆಳೆಯರೆಲ್ಲ ನಮ್ಮ ಮನೆಗೆ ಬಂದಿದ್ದರು. ಊಟ ಮುಗಿದಿತ್ತು. 'ಎರಡು ನಿಮಿಷ, ಇದೊಂದು ತೊಳೆದು ಬಂದೆ' ಅಂತ ನಾನು ಒಳಗೆ ಹೋದೆ. ಕೈ ಮೊಣಕೈವರೆಗೆ ಸೋಪಿನ ನೊರೆ. ಆಗ ಹಾಲ್‌ನಿಂದ ಒಂದು ನಗು ಬಂತು. ಸಾಮಾನ್ಯ ನಗುವಲ್ಲ. ಒಬ್ಬರು ಉಸಿರು ಸಿಗದೆ ಕೆಮ್ಮುವುದು, ಇನ್ನೊಬ್ಬರು ನೆಲಕ್ಕೆ ಕೈ ಬಡಿಯುವುದು, ಅಂಥ ನಗು. ನಾನು ಸೆರಗಿಗೆ ಕೈ ಒರೆಸಿಕೊಂಡು ಓಡಿಬಂದು, 'ಏನು, ಏನಾಯ್ತು?' ಅಂದೆ. ಕಣ್ಣೊರೆಸಿಕೊಳ್ಳುತ್ತಿದ್ದ ಗೆಳತಿ, 'ಅಯ್ಯೋ, ಈಗ ಹೇಳಿದ್ರೆ ನಗು ಬರಲ್ಲ ಬಿಡು' ಅಂದಳು. ನಿಜ, ಬರಲಿಲ್ಲ. ಆಮೇಲೆ ಹೇಳಿದರು. ನಾನೂ ನಕ್ಕಂತೆ ಮಾಡಿದೆ. ಅವತ್ತು ಪಾತ್ರೆ ಮಾತ್ರ ಫಳಫಳ ಹೊಳೆಯುತ್ತಿತ್ತು.

ನಿಮ್ಮ ಬಚ್ಚಲಿನ ಅಳುವಿನಲ್ಲಿ ಇದರ ಪಾಲು ದೊಡ್ಡದು ಅಂತ ನನ್ನ ಊಹೆ. ಬರೀ ಸುಸ್ತಾಗಿದ್ದರೆ ಮಲಗಿದ ತಕ್ಷಣ ನಿದ್ದೆ ಬರುತ್ತದೆ. ನಮ್ಮ ಮನೆಯ ಸಂಭ್ರಮಕ್ಕೆ ನಾವೇ ಹೊರಗಿನವರಾದರೆ ನಿದ್ದೆ ಬರುವುದಿಲ್ಲ.

ಈಗ ನಿಮ್ಮ ತಲೆಯಲ್ಲಿ ಕೂತಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ಎತ್ತಿ ನೋಡೋಣ.

ಮೊದಲನೆಯದು, ಜನರನ್ನು ಇಷ್ಟಪಡುವವರಿಗೆ ಜನರಿಂದ ಸುಸ್ತಾಗುವುದಿಲ್ಲ ಅನ್ನುವುದು. ಇದು ಸುಳ್ಳು. 2017ರಲ್ಲಿ ಫಿನ್‌ಲ್ಯಾಂಡಿನ ಇಬ್ಬರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಜನರ ಜೊತೆ ಲವಲವಿಕೆಯಿಂದ ಬೆರೆತಾಗ ಆ ಕ್ಷಣಕ್ಕೆ ಮನಸ್ಸು ಹಗುರಾಗುತ್ತದೆ, ಸುಮಾರು ಮೂರು ಗಂಟೆಯ ನಂತರ ಆಯಾಸ ಕಾಣಿಸಿಕೊಳ್ಳುತ್ತದೆ ಅನ್ನುವುದು ಅವರಿಗೆ ಕಂಡ ವಿಷಯ. ಮಾತುಗಾರರಿಗೂ ಹಾಗೇ, ಮೌನಿಗಳಿಗೂ ಹಾಗೇ. ಅಂದರೆ ಖುಷಿ ಮತ್ತು ಸುಸ್ತು ಒಂದೇ ಗಾಡಿಯಲ್ಲಿ ಬರುವ ನೆಂಟರು. ಒಂದು ಬಂತು ಅಂತ ಇನ್ನೊಂದು ಸುಳ್ಳಾಗುವುದಿಲ್ಲ. ಹೋದವರ ಹಿಂದೆಯೇ ನಿಮಗೆ ಮೌನ ಬೇಕೆನಿಸಿದರೆ ಅದನ್ನು ಗುಣದೋಷ ಅಂತ ಎಣಿಸಬೇಡಿ.

ಎರಡನೆಯದು ಅಮ್ಮ. ಹದಿನೈದು ಜನ ಬಂದರೂ ಅಮ್ಮ ನಗುತ್ತಿದ್ದರು ಅಂದಿರಿ. ಆಗ ನಿಮಗೆ ಎಷ್ಟು ವರ್ಷ? ಎಂಟೋ ಹತ್ತೋ ಇರಬೇಕು. ನೀವು ನೋಡಿದ್ದು ಹಾಲ್‌ನಿಂದ. ಮಕ್ಕಳಿಗೆ ನೆಂಟರೆಂದರೆ ಓದು ಬರಹಕ್ಕೆ ರಜೆ, ತಡವಾಗಿ ಮಲಗಬಹುದು, ಯಾರೂ ಬೈಯುವುದಿಲ್ಲ. ಅಮ್ಮ ರಾತ್ರಿ ಎಷ್ಟು ಗಂಟೆಗೆ ಮಲಗಿದರು, ಮರುದಿನ ಸೊಂಟ ಹಿಡಿದುಕೊಂಡು ಓಡಾಡಿದರಾ ಅನ್ನುವುದು ನಿಮ್ಮ ನೆನಪಿನಲ್ಲಿ ಇರುವುದು ಕಷ್ಟ. ನಿಮ್ಮ ಥರವೇ ಕೊರಗುತ್ತಿದ್ದ ಒಬ್ಬರಿಗೆ, 'ಅಮ್ಮನನ್ನೇ ಕೇಳಿ ನೋಡಿ' ಅಂದಿದ್ದೆ. ಅವರ ಅಮ್ಮ ಹೇಳಿದ್ದು ಇಷ್ಟು: 'ಜನ ಬರ್ತಾರೆ ಅಂದ್ರೆ ನಂಗೂ ಎದೆ ಡವಡವ. ಆದ್ರೆ ನಿಮ್ಮ ಚಿಕ್ಕಮ್ಮ ಇರ್ತಿದ್ಲಲ್ಲ, ಇಬ್ರೂ ಒಲೆ ಮುಂದೆ ಕೂತು ನಗ್ತಾ ಇದ್ವಿ.' ನೋಡಿ, ಆ ನಗು ಒಂಟಿ ನಗುವಲ್ಲ. ಅಡುಗೆಮನೆಯಲ್ಲಿ ಇನ್ನೊಂದು ಜೊತೆ ಕೈ ಇತ್ತು, ಇನ್ನೊಂದು ಬಾಯಿ ಇತ್ತು. ನಿಮ್ಮ ಅಡುಗೆಮನೆಯಲ್ಲಿ ಮಿಕ್ಸಿ ಇದೆ, ಮಾತಾಡುವವರಿಲ್ಲ. ಸಾಧ್ಯವಾದರೆ ನೀವೂ ನಿಮ್ಮ ಅಮ್ಮನನ್ನು ಕೇಳಿ.

ಮೂರನೆಯದು, ಬಂದವರು ಎಲ್ಲವನ್ನೂ ಗಮನಿಸುತ್ತಾರೆ ಅನ್ನುವ ಭಯ. ಧೂಳು, ಬಣ್ಣ ಕಿತ್ತ ಗೋಡೆ, ನಿಮ್ಮ ಸೋಫಾ. ಇದರ ಬಗ್ಗೆ ಒಂದು ತಮಾಷೆಯ ಪ್ರಯೋಗವಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು ಮಾಡಿದ್ದು, 2000ದಲ್ಲಿ ಪ್ರಕಟವಾಯಿತು. ಒಬ್ಬ ವಿದ್ಯಾರ್ಥಿಗೆ ಮುಜುಗರ ತರುವಂಥ ಚಿತ್ರವಿರುವ ಟೀ ಶರ್ಟ್ ಹಾಕಿಸಿ, ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಗೆ ಕಳಿಸಿದರು. 'ಎಷ್ಟು ಜನ ನಿನ್ನ ಶರ್ಟ್ ಗಮನಿಸಿರಬಹುದು?' ಅಂತ ಆಮೇಲೆ ಕೇಳಿದರು. ಹೀಗೆ ಹೋಗಿಬಂದವರು ಹೆಚ್ಚುಕಡಿಮೆ ಅರ್ಧದಷ್ಟು ಜನ ಅಂದರು. ನಿಜಕ್ಕೂ ಗಮನಿಸಿದವರು ಕಾಲು ಭಾಗದ ಆಸುಪಾಸು. ಮೈಮೇಲಿನ ಶರ್ಟಿನ ಗತಿಯೇ ಇದು. ಹಾಗಂತ ಯಾರೂ ನೋಡುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಕಾಲು ಭಾಗ ಜನ ನೋಡುತ್ತಾರೆ. ನಿಮ್ಮ ಓರಗಿತ್ತಿ ನೋಡಿಯೇ ನೋಡುತ್ತಾರೆ ಅಂತ ನಿಮಗೆ ಗೊತ್ತಿದ್ದರೆ ನಾನು ವಾದ ಮಾಡುವುದಿಲ್ಲ! ಆದರೆ ನೋಡಿದವರು ಅದನ್ನೇ ಮನೆಗೆ ಹೊತ್ತುಕೊಂಡು ಹೋಗುತ್ತಾರಾ ಅನ್ನುವುದು ಬೇರೆ ಪ್ರಶ್ನೆ. ನೀವು ಕಡೆಯ ಸಲ ಉಳಿದುಕೊಂಡ ಗೆಳತಿಯ ಮನೆಯ ಪರದೆ ಯಾವ ಬಣ್ಣ, ಹೇಳಿ ನೋಡೋಣ?

ಇನ್ನು ಕಾರಣಕ್ಕೆ ಬರೋಣ. ನಿಮ್ಮ ಗಂಡನ ಮಾತಿನಿಂದಲೇ ಶುರು ಮಾಡುತ್ತೇನೆ. 'ಯಾರು ಮಾಡು ಅಂದ್ರು?' ಅವರು ಕೆಟ್ಟ ಮನಸ್ಸಿನಿಂದ ಕೇಳಿರಲಿಕ್ಕಿಲ್ಲ. ಅವರಿಗೆ ಕಾಣುವುದು ಅಡುಗೆ, ಪಾತ್ರೆ, ಹಾಸಿಗೆ. ಕಾಣದ ಕೆಲಸ ಬೇರೆಯೇ ಇದೆ. ಆಲಿಸನ್ ಡಾಮಿಂಜರ್ ಎಂಬ ಸಮಾಜಶಾಸ್ತ್ರಜ್ಞೆ 35 ದಂಪತಿಗಳನ್ನು ಮಾತಾಡಿಸಿ 2019ರಲ್ಲಿ ಒಂದು ಲೇಖನ ಬರೆದರು. ಮನೆಯ ತಲೆಕೆಲಸವನ್ನು ಅವರು ನಾಲ್ಕಾಗಿ ಬಿಡಿಸಿದರು: ಮುಂದೆ ಏನು ಬೇಕಾಗುತ್ತದೆ ಅಂತ ಊಹಿಸುವುದು, ಅದಕ್ಕೆ ದಾರಿ ಹುಡುಕುವುದು, ಯಾವುದು ಅಂತ ತೀರ್ಮಾನಿಸುವುದು, ಆಮೇಲೆ ಅದು ಆಯಿತಾ ಅಂತ ಕಣ್ಣಿಡುವುದು. ತೀರ್ಮಾನ ಮಾಡುವಾಗ ಗಂಡ ಹೆಂಡತಿ ಇಬ್ಬರೂ ಇರುತ್ತಿದ್ದರು. ಮೊದಲನೆಯದು ಮತ್ತು ಕೊನೆಯದು ಹೆಚ್ಚಾಗಿ ಹೆಂಗಸರ ತಲೆಯ ಮೇಲೆ.

ಇದನ್ನು ನಿಮ್ಮ ಮನೆಗೆ ಇಳಿಸಿ ನೋಡಿ. ಭಾವನಿಗೆ ಖಾರ ಆಗದು. ಅವರ ಮಗಳಿಗೆ ಮೊಬೈಲ್ ಚಾರ್ಜರ್ ಬೇಕಾಗುತ್ತದೆ. ಬೆಳಿಗ್ಗೆ ಹನ್ನೊಂದು ಜನಕ್ಕೆ ಒಂದು ಬಚ್ಚಲು, ಯಾರು ಮೊದಲು? ಅತ್ತೆಯ ಮಾತ್ರೆ ಊಟಕ್ಕೆ ಮುಂಚೆ, ಅಂದರೆ ಅವರ ತಟ್ಟೆ ಎಲ್ಲರಿಗಿಂತ ಅರ್ಧ ಗಂಟೆ ಮೊದಲು. ಹೆಚ್ಚುವರಿ ಟವೆಲ್ ಎಲ್ಲಿದೆ? ಗೆಳತಿಗೆ ಮಂಡಿ ನೋವು, ಕೆಳಗೆ ಕೂರಲಾರಳು. ಇದ್ಯಾವುದನ್ನೂ ಯಾರೂ ನಿಮಗೆ 'ಮಾಡು' ಅಂದಿಲ್ಲ. ಆದರೆ ಇದರಲ್ಲಿ ಒಂದು ತಪ್ಪಿದರೂ ಎಲ್ಲರೂ ನೋಡುವುದು ನಿಮ್ಮ ಮುಖವನ್ನೇ. ನೀವು ಹಾಲ್‌ಗೆ ಬಂದು ಕೂತರೂ ಈ ಪಟ್ಟಿ ಒಳಗೆ ಓಡುತ್ತಲೇ ಇರುತ್ತದೆ. ಎದುರಿಗಿರುವವರು ಮಾತಾಡುತ್ತಾರೆ, ನೀವು 'ಹೂಂ' ಅನ್ನುತ್ತೀರಿ, ಮಾತು ಕಿವಿಗೆ ಬಿದ್ದಿರುವುದಿಲ್ಲ. ನಿಮ್ಮೊಳಗೆ ಒಬ್ಬ ಮೇಸ್ತ್ರಿ ಕೂತಿದ್ದಾನೆ. ಅವನಿಗೆ ಊಟವೂ ಬೇಡ, ನಿದ್ದೆಯೂ ಬೇಡ.

ಅಂದ ಹಾಗೆ, ತುಂಬಾ ಹೊತ್ತು ಅಡುಗೆ ಮಾಡಿದವರಿಗೆ ಊಟ ರುಚಿಸುವುದಿಲ್ಲ ಅನ್ನುತ್ತಾರಲ್ಲ, ಅದಕ್ಕೂ ಕಾರಣವಿದೆ. ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಮೂಗು ಅದನ್ನು ಗಮನಿಸುವುದನ್ನೇ ಬಿಡುತ್ತದೆ. ರುಚಿ ಅಂತ ನಾವು ಕರೆಯುವುದರಲ್ಲಿ ವಾಸನೆಯ ಪಾಲೇ ಜಾಸ್ತಿ. ಹಾಗಾಗಿ 'ಏನೂ ಚೆನ್ನಾಗಿಲ್ಲ ಅಲ್ವಾ?' ಅಂತ ನೀವು ಎಲ್ಲರನ್ನೂ ಕೇಳುತ್ತಾ ನಿಂತಾಗ, ಕೆಟ್ಟಿರುವುದು ಅಡುಗೆಯಲ್ಲ, ಆ ಹೊತ್ತಿನ ನಿಮ್ಮ ಮೂಗು.

ಎರಡನೇ ಕಾರಣ ಇನ್ನೂ ದೊಡ್ಡದು, ಮತ್ತು ಅದನ್ನು ನೀವೇ ತಂದುಕೊಂಡಿದ್ದೀರಿ. ಎರಡು ಗುಂಪನ್ನು ಒಟ್ಟಿಗೆ ಕರೆದಿರುವುದು.

ಸ್ವಲ್ಪ ಯೋಚಿಸಿ. ಕಾಲೇಜಿನ ಗೆಳತಿಯರ ಮುಂದೆ ನೀವು ಯಾರು? ಬಹುಶಃ ಹಿಂದಿನ ಬೆಂಚಿನಲ್ಲಿ ಕೂತು ಕಿಸಕ್ಕನೆ ನಗುತ್ತಿದ್ದವಳು. ಭಾವನ ಮುಂದೆ ನೀವು ಯಾರು? ಮನೆಯ ಸೊಸೆ, ತಮ್ಮನ ಹೆಂಡತಿ. ಎರಡು ವೇಷ, ಎರಡು ದನಿ. ಒಂದೇ ಹಾಲ್‌ನಲ್ಲಿ ಒಂದೇ ಹೊತ್ತಿಗೆ ಎರಡನ್ನೂ ಹಾಕಿಕೊಳ್ಳಲು ಆಗುವುದಿಲ್ಲ. ಗೆಳತಿ ಹಳೆಯ ಕಥೆ ಶುರು ಮಾಡುತ್ತಾಳೆ, ನೀವು ಕಣ್ಣಲ್ಲೇ 'ಬೇಡ' ಅನ್ನುತ್ತೀರಿ. ಗೆದ್ದು ನಿಲ್ಲುವುದು ಸಾಮಾನ್ಯವಾಗಿ ಹೆಚ್ಚು ಶಿಸ್ತು ಕೇಳುವ ವೇಷ. ಅಂದರೆ ಸೊಸೆ. ಆಗ ಗೆಳತಿಯರು ಬಂದದ್ದು ಯಾರಿಗಾಗಿಯೋ, ಅವಳು ಮನೆಯಲ್ಲಿ ಇರುವುದಿಲ್ಲ.

ಜನ ಜಾಸ್ತಿಯಾದಷ್ಟೂ ಖುಷಿ ಜಾಸ್ತಿ ಅನ್ನುವುದೂ ಅರ್ಧ ಸತ್ಯ. ಬ್ರಿಟನ್ನಿನ ರಾಬಿನ್ ಡನ್‌ಬಾರ್ ಮತ್ತು ಜೊತೆಗಾರರು ಜನ ಸೇರಿದ ಕಡೆ ಕೂತು, ಒಂದೇ ಮಾತುಕತೆಯಲ್ಲಿ ಎಷ್ಟು ಜನ ಇರುತ್ತಾರೆ ಅಂತ ಎಣಿಸಿದ್ದರು. 1995ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಸುಮಾರು ನಾಲ್ಕು. ಐದನೆಯವರು ಬಂದರೆ ಗುಂಪು ಒಡೆಯಲು ಶುರುವಾಗುತ್ತದೆ. ಇದರ ಜೊತೆ ಗದ್ದಲ ಸೇರಿಸಿ. ಸುತ್ತ ಸದ್ದು ಹೆಚ್ಚಾದಾಗ ನಮಗೆ ಗೊತ್ತಿಲ್ಲದೆಯೇ ದನಿ ಏರುತ್ತದೆ. ಇದನ್ನು 1911ರಷ್ಟು ಹಿಂದೆಯೇ ಎತಿಯೆನ್ ಲೊಂಬಾರ್ಡ್ ಎಂಬ ಫ್ರಾನ್ಸಿನ ಕಿವಿ ವೈದ್ಯರು ಗುರುತಿಸಿದ್ದರು. ಇವರು ಜೋರಾದರೆ ಅವರು ಇನ್ನೂ ಜೋರು. ಹನ್ನೊಂದು ಜನ, ಒಂದು ಹಾಲ್, ಮೂಲೆಯಲ್ಲಿ ಟಿವಿ. ಅರ್ಧ ಗಂಟೆಗೆ ತಲೆ ಸಿಡಿಯದಿದ್ದರೆ ಆಶ್ಚರ್ಯ. ಟಿವಿಯನ್ನಾದರೂ ಆರಿಸಿ.

ಈಗ ಮುಂದಿನ ತಿಂಗಳು ಏನು ಮಾಡಬಹುದು ಅನ್ನುವುದು. ಪ್ರತಿ ದಾರಿಗೂ ಅದರದೇ ಮುಳ್ಳಿದೆ, ಅದನ್ನೂ ಹೇಳುತ್ತೇನೆ.

ನನ್ನನ್ನು ಕೇಳಿದರೆ ಮೊದಲು ಮಾಡಬೇಕಾದ್ದು, ಎರಡು ಗುಂಪನ್ನು ಬೇರೆ ಮಾಡುವುದು. ಮೂವರು ಗೆಳತಿಯರು ಮತ್ತು ನೀವು, ಸರಿಯಾಗಿ ನಾಲ್ಕು. ಲೆಕ್ಕ ತಾನಾಗಿಯೇ ಕೂಡಿಬಂದಿದೆ, ಕೆಡಿಸಬೇಡಿ. ಭಾವನ ಮನೆಯವರಿಗೆ ಬೇರೆ ವಾರ ಕೊಡಿ. ಇದರ ಮುಳ್ಳು ಏನು ಅಂತ ನಿಮಗೇ ಗೊತ್ತು: 'ಗೆಳತಿಯರಿಗೆ ಜಾಗ ಇದೆ, ನಮಗಿಲ್ಲವಾ?' ಅನ್ನುವ ಮಾತು. ಅದಕ್ಕೆ ಎರಡು ಎಚ್ಚರಿಕೆ. ಒಂದು, ಫೋನ್ ನೀವು ಮಾಡಬೇಡಿ, ನಿಮ್ಮ ಗಂಡ ಅವರ ಅಣ್ಣನಿಗೆ ಮಾಡಲಿ. ಅಣ್ಣ ತಮ್ಮಂದಿರ ನಡುವೆ ಎರಡು ನಿಮಿಷದಲ್ಲಿ ಮುಗಿಯುವ ಮಾತು ನಿಮ್ಮ ಬಾಯಿಂದ ಬಂದರೆ ಎರಡು ವರ್ಷ ಉಳಿಯುತ್ತದೆ. ಎರಡು, ಬರಿ 'ಈಗ ಬೇಡ' ಅನ್ನಬಾರದು, ದಿನಾಂಕ ಕೊಡಬೇಕು. 'ಅವತ್ತು ಮನೆ ತುಂಬಿರುತ್ತೆ, ನಿಮ್ಮ ಜೊತೆ ನಿಧಾನವಾಗಿ ಕೂರೋಕಾಗಲ್ಲ, ಅದರ ಮುಂದಿನ ಶನಿವಾರ ಬನ್ನಿ.' ದಿನಾಂಕವಿಲ್ಲದ ಮುಂದೂಡಿಕೆ ಕಿವಿಗೆ ನಿರಾಕರಣೆಯಂತೆಯೇ ಕೇಳಿಸುತ್ತದೆ.

ಅವರು ಬಂದೇ ಬರಬೇಕಾದ ಪರಿಸ್ಥಿತಿ ಇದ್ದರೆ, ಅವರ ಊಟ ಉಪಚಾರಕ್ಕೆ ಒಂದು ಹೊತ್ತಾದರೂ ಗಂಡ ಮತ್ತು ಮಗ ಪೂರ್ತಿ ಹೊಣೆ. ಆ ಹೊತ್ತು ನೀವು ಗೆಳತಿಯರ ಜೊತೆ ಬೇರೆ ಕೋಣೆಯಲ್ಲೋ, ಹೊರಗೆ ಒಂದು ಸುತ್ತು ನಡೆಯುತ್ತಲೋ ಇರಬೇಕು.

ಪೂರ್ತಿ ಹೊಣೆ ಅಂದೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಹೆಚ್ಚಿನ ಮನೆಗಳಲ್ಲಿ ಎಡವುವುದು ಇಲ್ಲೇ. 'ನಾನೂ ಸಹಾಯ ಮಾಡ್ತೀನಿ, ಏನು ಮಾಡಬೇಕು ಹೇಳು' ಅನ್ನುತ್ತಾರೆ. ಹೇಳುವುದೇ ಒಂದು ಕೆಲಸ ಅಲ್ವಾ? ಮೇಸ್ತ್ರಿ ನೀವೇ ಉಳಿದಿರಿ. ಹಾಗಾಗಿ ತುಂಡು ಕೆಲಸ ಕೊಡಬೇಡಿ, ಇಡೀ ವಿಭಾಗ ಕೊಡಿ. ಮಲಗುವ ವ್ಯವಸ್ಥೆ ಮಗನದು. ಹಾಸಿಗೆ, ಹೊದಿಕೆ, ಟವೆಲ್, ಚಾರ್ಜರ್, ಬಚ್ಚಲಿನ ಸರದಿ, ಎಲ್ಲವನ್ನೂ ಯೋಚಿಸುವುದೂ ಅವನೇ. ಬೆಳಗಿನ ತಿಂಡಿ ಗಂಡನದು. ಮಾಡುತ್ತಾರೋ, ತರಿಸುತ್ತಾರೋ, ಅವರಿಗೆ ಬಿಟ್ಟದ್ದು. ಅತ್ತೆಗೂ ಏನಾದರೂ ಕೊಡಿ. ಬಂದವರನ್ನು ಮಾತಾಡಿಸಿ ಕೂರಿಸುವುದು ಸಣ್ಣ ಕೆಲಸವಲ್ಲ, ಹಿರಿಯರು ಅದನ್ನು ನಮಗಿಂತ ಚೆನ್ನಾಗಿ ಮಾಡುತ್ತಾರೆ.

ಮುಳ್ಳು ಇಲ್ಲಿಯೂ ಇದೆ. 'ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ' ಅನ್ನುವ ಗಾದೆ ನಮ್ಮ ರಕ್ತದಲ್ಲಿದೆ. ನಿಮ್ಮ ಮಗ ಮಾಡುವುದು ಮಧ್ಯಮವೇ ಆಗಿರುತ್ತದೆ. ಹೊದಿಕೆ ಒಂದು ಕಡಿಮೆ ಬೀಳಬಹುದು. ಆಗ ನೀವು ಧಡಕ್ಕನೆ ಎದ್ದು ಸರಿಮಾಡಲು ಹೋದರೆ, ಮುಂದಿನ ಸಲ ಅವನು ಯೋಚನೆ ಮಾಡುವುದನ್ನೇ ಬಿಡುತ್ತಾನೆ. ಕಡಿಮೆ ಬಿದ್ದ ಹೊದಿಕೆಯನ್ನು ಕೇಳಿಕೊಂಡು ಅತಿಥಿ ಅವನ ಹತ್ತಿರವೇ ಹೋಗಲಿ. ಕೂತಲ್ಲೇ ಕೂರುವುದು ನಿಮಗೆ ಅಡುಗೆಗಿಂತ ಕಷ್ಟದ ಕೆಲಸ, ಒಪ್ಪುತ್ತೇನೆ.

ಬಂದವರಿಗೆ ಕೆಲಸ ಹೇಳಬಹುದಾ? ಗೆಳತಿಯರಿಗೆ ಖಂಡಿತ ಹೇಳಬಹುದು. ಅತಿಥಿ ಕೈಯಾಡಿಸಿದರೆ ಅವಮಾನ ಅಂತ ನಾವು ಅಂದುಕೊಳ್ಳುತ್ತೇವೆ. 1969ರಲ್ಲಿ ಜೆಕರ್ ಮತ್ತು ಲ್ಯಾಂಡಿ ಎಂಬ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಪ್ರಯೋಗದಲ್ಲಿ ಹಣ ಗೆದ್ದವರ ಹತ್ತಿರ ಪ್ರಯೋಗ ನಡೆಸಿದವನೇ ಬಂದು, 'ನನಗೊಂದು ಉಪಕಾರ ಮಾಡಿ, ಹಣ ವಾಪಸ್ ಕೊಡ್ತೀರಾ?' ಅಂತ ಕೇಳಿದ. ಹಾಗೆ ಉಪಕಾರ ಮಾಡಿದವರಿಗೆ ಅವನ ಮೇಲೆ ಒಲವು ಹೆಚ್ಚಾಗಿತ್ತು. ನಾವು ಯಾರಿಗೆ ನೆರವಾಗುತ್ತೇವೋ ಅವರು ನಮ್ಮವರು ಅನ್ನಿಸುತ್ತಾರೆ. ನಾಲ್ವರೂ ತರಕಾರಿ ಹೆಚ್ಚುತ್ತಾ ಕೂತಾಗ ಬರುವ ಮಾತು, ಸೋಫಾದಲ್ಲಿ ಎದುರುಬದುರು ಕೂತಾಗ ಬರುವುದಿಲ್ಲ. ಕೈಗೆ ಕೆಲಸವಿದ್ದರೆ ಕಣ್ಣು ತಪ್ಪಿಸಲು ಒಂದು ಜಾಗವಿರುತ್ತದೆ. ಕಷ್ಟದ ವಿಷಯಗಳು ಆಗಲೇ ಆಚೆ ಬರುತ್ತವೆ. ಮುಳ್ಳು ಏನೆಂದರೆ, ಎಲ್ಲರಿಗೂ ಇದು ಹಿಡಿಸದು. ದೂರದ ಪ್ರಯಾಣದಿಂದ ದಣಿದು ಬಂದವಳ ಕೈಗೆ ಬಂದ ಅರ್ಧ ಗಂಟೆಗೇ ಚಾಕು ಕೊಡಬೇಡಿ.

ಅಡುಗೆ ಕಡಿಮೆ ಮಾಡಲು ಎರಡು ದಾರಿ: ಹೊರಗಿನಿಂದ ತರಿಸುವುದು, ಇಲ್ಲವೇ ಹಿಂದಿನ ದಿನವೇ ಮಾಡಿಡುವುದು. ತರಿಸಿದರೆ ಖರ್ಚು, ಜೊತೆಗೆ ಮನೆಯ ಹಿರಿಯರ ಮುಖ ಸ್ವಲ್ಪ ಸಪ್ಪಗಾಗಬಹುದು. ಎರಡು ದಿನದಲ್ಲಿ ಒಂದು ಹೊತ್ತು ತರಿಸಿದರೆ ಯಾರ ಮಾನವೂ ಹೋಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಮಾಡಿಡುವುದಾದರೆ ಮಾತ್ರ ಎಚ್ಚರ. ಬೇಯಿಸಿದ್ದನ್ನು ಹೊರಗೆ 2 ಗಂಟೆಗಿಂತ ಹೆಚ್ಚು ಬಿಡಬಾರದು. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ದೊಡ್ಡ ಪಾತ್ರೆಯನ್ನು ಹಾಗೇ ಇಟ್ಟರೆ ಒಳಗೆ ಆರಲು ಗಂಟೆಗಟ್ಟಲೆ ಹಿಡಿಯುತ್ತದೆ. ಅಗಲದ, ಆಳವಿಲ್ಲದ ಪಾತ್ರೆಗಳಿಗೆ ಹಂಚಿ, ಆರಿಸಿ, ಫ್ರಿಜ್‌ಗೆ ಇಡಿ. ಬಡಿಸುವ ಮುಂಚೆ ಉಗುರುಬೆಚ್ಚಗೆ ಮಾಡಿದರೆ ಸಾಲದು, ಹಬೆಯಾಡುವಷ್ಟು ಬಿಸಿಯಾಗಬೇಕು.

ಹೋಗುವ ಹೊತ್ತನ್ನು ಮೊದಲೇ ಹೇಳುವುದು ನಮಗೆ ಒಗ್ಗದ ಮಾತು. 'ಯಾವಾಗ ಹೋಗ್ತೀರಾ ಅಂತ ಕೇಳೋದಾ, ಛೆ!' ಅನ್ನಿಸುತ್ತದೆ. ಆದರೆ ಕೂತವರಿಗೆ ಏಳಬೇಕೋ ಬೇಡವೋ ಗೊತ್ತಾಗುವುದಿಲ್ಲ, ಕೂರಿಸಿದವರಿಗೆ ಕಳಿಸಲು ಬಾಯಿ ಬರುವುದಿಲ್ಲ. ಆಡಂ ಮಾಸ್ಟ್ರೊಯಾನಿ ಮತ್ತು ಜೊತೆಗಾರರ 2021ರ ಅಧ್ಯಯನದಲ್ಲಿ, ಇಬ್ಬರೂ ಬಯಸಿದ ಹೊತ್ತಿಗೇ ಮುಗಿದ ಮಾತುಕತೆಗಳು ನೂರಕ್ಕೆ ಎರಡರಷ್ಟು ಮಾತ್ರ ಇದ್ದವು. ಇಬ್ಬರೂ ಇನ್ನೊಬ್ಬರ ಮನಸ್ಸನ್ನು ಊಹಿಸುತ್ತಾ ಕೂತಿರುತ್ತಾರೆ. ಕರೆಯುವಾಗಲೇ 'ಶನಿವಾರ ಬೆಳಿಗ್ಗೆ ಬನ್ನಿ, ಭಾನುವಾರ ಊಟ ಮುಗಿಸಿಕೊಂಡೇ ಹೊರಡಬೇಕು' ಅಂತ ಹೇಳಿದರೆ ಕೇಳಿದವರಿಗೆ ಅದು ಉಪಚಾರದ ಮಾತಾಗಿಯೇ ಕೇಳಿಸುತ್ತದೆ. ನಿಮಗೂ ಸಂಜೆ ನಿಮ್ಮದು ಅಂತ ಗೊತ್ತಿರುತ್ತದೆ. ಸೋಮವಾರಕ್ಕೆ ಏನನ್ನೂ ಇಟ್ಟುಕೊಳ್ಳಬೇಡಿ.

ಆ ಕೊನೆಯ ಗಂಟೆಗೆ ಸ್ವಲ್ಪ ಶಕ್ತಿ ಉಳಿಸಿಕೊಳ್ಳಿ. ಡೇನಿಯಲ್ ಕಾನಮನ್ ಮತ್ತು ಜೊತೆಗಾರರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಹೀಗಿದೆ. ಜನರ ಕೈಯನ್ನು ಕೊರೆಯುವಷ್ಟು ತಣ್ಣಗಿನ ನೀರಿನಲ್ಲಿ 60 ಸೆಕೆಂಡ್ ಇರಿಸಿದರು. ಇನ್ನೊಮ್ಮೆ ಅದೇ 60 ಸೆಕೆಂಡ್, ಆಮೇಲೆ ನೀರನ್ನು ಒಂದೇ ಒಂದು ಡಿಗ್ರಿ ಬೆಚ್ಚಗೆ ಮಾಡಿ ಮತ್ತೆ 30 ಸೆಕೆಂಡ್. ಯಾವುದನ್ನು ಮತ್ತೆ ಮಾಡುತ್ತೀರಿ ಅಂದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ನೋವು ಒಟ್ಟಿನಲ್ಲಿ ಜಾಸ್ತಿಯಿದ್ದರೂ ಕೊನೆ ಮೃದುವಾಗಿತ್ತು. ನೆನಪು ಉದ್ದವನ್ನು ಅಳೆಯುವುದಿಲ್ಲ. ಎಲ್ಲಕ್ಕಿಂತ ತೀವ್ರವಾಗಿದ್ದ ಕ್ಷಣವನ್ನೂ ಕೊನೆಯನ್ನೂ ಇಟ್ಟುಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಕೊನೆ ಹೇಗಿರುತ್ತದೆ ನೋಡಿ: ಬಸ್ಸಿಗೆ ಹೊತ್ತಾಯಿತು, ಚಾರ್ಜರ್ ಎಲ್ಲಿ, ಡಬ್ಬಿ ಕಟ್ಟಲಾ, ಬೇಡ ಬೇಡ, ಓಡು. ಡಬ್ಬಿ ಕಟ್ಟುವುದನ್ನು ಒಂದು ಗಂಟೆ ಮೊದಲೇ ಮುಗಿಸಿ. ಬ್ಯಾಗುಗಳು ಬಾಗಿಲ ಹತ್ತಿರ ಇರಲಿ. ಆಮೇಲೆ ಒಂದು ಲೋಟ ಕಾಫಿ ಹಿಡಿದು ನಾಲ್ವರೂ ಸುಮ್ನೆ ಕೂರಿ.

ಇನ್ನು ನೆಪ ಹೇಳಿ ಬೇಡ ಅನ್ನುವುದು. ಅದೂ ಒಂದು ದಾರಿಯೇ, ತಪ್ಪೇನಿಲ್ಲ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ, ನಿಮಗೇ ಕೈಲಾಗುತ್ತಿಲ್ಲ ಅಂದರೆ ಬೇಡ ಅನ್ನಿ. ಆದರೆ ನೆಪ ಬೇಡ, ನಿಜ ಹೇಳಿ. ಸುಳ್ಳು ನೆಪಕ್ಕೆ ಮತ್ತೆ ಕಾವಲು ಕಾಯಬೇಕಾಗುತ್ತದೆ. ನಿಮ್ಮ ವಿಷಯದಲ್ಲಿ ನಾನು ಈ ದಾರಿ ಹೇಳುವುದಿಲ್ಲ. ಹಳೆಯ ಗೆಳೆತನದ ಕದ ಮುಚ್ಚುವುದು ಸುಲಭ, ಮತ್ತೆ ತಟ್ಟುವುದು ಕಷ್ಟ. 2024ರಲ್ಲಿ ಲಾರಾ ಅಕ್ನಿನ್ ಮತ್ತು ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ ಪ್ರಕಟಿಸಿದ ಅಧ್ಯಯನದಲ್ಲಿ, ಹಳೆಯ ಗೆಳೆಯರಿಗೆ ಸಂದೇಶ ಕಳಿಸಲು ಮನಸ್ಸಿದ್ದು, ಕಳಿಸಲು ದಾರಿಯಿದ್ದು, ಬರೆಯಲು ಸಮಯವನ್ನೂ ಕೊಟ್ಟಾಗ ಕೂಡ ಕಳಿಸಿದವರು ಮೂರನೇ ಒಂದಕ್ಕಿಂತ ಕಡಿಮೆ. ನಿಮ್ಮ ಗುಂಪಿನಲ್ಲಿ ಯಾರೋ ಒಬ್ಬರು ಆ ಸಂಕೋಚ ದಾಟಿ ಮೊದಲ ಮಾತು ಎತ್ತಿದ್ದಾರೆ. ಅದನ್ನು ಕಳೆದುಕೊಳ್ಳಬೇಡಿ. ಅಡುಗೆ, ಹಾಸಿಗೆ ಬೇಡವೇ ಬೇಡ ಅನ್ನಿಸಿದರೆ ನಾಲ್ವರೂ ಹೊರಗೆಲ್ಲಾದರೂ ಒಂದು ದಿನ ಭೇಟಿಯಾಗಿ. ಮನೆಯ ಸಲಿಗೆ ಅಲ್ಲಿ ಸಿಗದು, ರಾತ್ರಿ ಎರಡರವರೆಗೆ ದೀಪ ಆರಿಸಿ ಮಾತಾಡುವುದು ಆಗದು. ಆದರೂ ಬೇಡ ಅನ್ನುವುದಕ್ಕಿಂತ ಎಷ್ಟೋ ವಾಸಿ.

ಗೆಳತಿಯರು ಬಂದ ಮೊದಲ ಗಂಟೆ ಸಪ್ಪೆಯಾಗಿರಬಹುದು. ಮಕ್ಕಳೇನು ಮಾಡ್ತಿದ್ದಾರೆ, ಶುಗರ್ ಎಷ್ಟಿದೆ, ಇಷ್ಟರಲ್ಲೇ ಮಾತು ಮುಗಿದು ಮೌನ. 'ಇಷ್ಟೇನಾ?' ಅಂತ ಹೆದರಬೇಡಿ. ಹತ್ತರಿಂದ ಮೂವತ್ತರ ವಯಸ್ಸಿನ ನಡುವಿನ ನೆನಪುಗಳು ಮನುಷ್ಯರಲ್ಲಿ ಉಳಿದವುಗಳಿಗಿಂತ ದಟ್ಟವಾಗಿರುತ್ತವೆ, ಇದು ಮನಶ್ಶಾಸ್ತ್ರದಲ್ಲಿ ಮತ್ತೆ ಮತ್ತೆ ಕಂಡ ವಿಷಯ. ನಿಮ್ಮ ನಾಲ್ವರ ಹತ್ತಿರವೂ ಅದೇ ವರ್ಷಗಳ ಬೇರೆ ಬೇರೆ ಚೂರುಗಳಿವೆ. ಒಂದು ಹಳೆಯ ಫೋಟೋ ಸಾಕು, ಮೇಜಿನ ಮೇಲೆ ಇಟ್ಟುಬಿಡಿ. ಇನ್ನು ಸ್ಥಿತಿವಂತ ಗೆಳತಿ. ಅವಳೂ ನಿಮ್ಮಂತೆಯೇ ಒಂದು ಭಯ ಹೊತ್ತು ಬರುತ್ತಿರಬಹುದು, 'ಇವರೆಲ್ಲ ನನ್ನ ದುಡ್ಡನ್ನೇ ನೋಡ್ತಾರಾ?' ಅಂತ. ಮಾತಾಡಿ ಎದ್ದ ಮೇಲೆ, ಎದುರಿನವರಿಗೆ ನಾವು ಎಷ್ಟು ಇಷ್ಟವಾದೆವು ಅನ್ನುವುದನ್ನು ಜನ ಕಡಿಮೆಯಾಗಿಯೇ ಅಂದಾಜು ಮಾಡುತ್ತಾರೆ ಅಂತ 2018ರ ಒಂದು ಅಧ್ಯಯನ ತೋರಿಸಿತು. ಇಬ್ಬರೂ ಹಾಗೇ ಅಂದಾಜು ಮಾಡುತ್ತಾರೆ, ಅದೇ ಸ್ವಾರಸ್ಯ.

ಒಂದು ವಿಷಯ ಮಾತ್ರ ಗಂಭೀರವಾಗಿ. ನಿದ್ದೆ ಬರುತ್ತಿಲ್ಲ ಅಂದಿರಿ. ಅದು ಈ ಭೇಟಿಯ ಚಿಂತೆಗೆ ಮಾತ್ರವಾದರೆ ದಿನಾಂಕ ಬದಲಾದ ತಕ್ಷಣ ಸರಿಹೋಗಬೇಕು. ಹೋಗದಿದ್ದರೆ, ಅಳು, ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರಕ್ಕಿಂತ ಹೆಚ್ಚು ದಿನ ಇದ್ದರೆ, ವೈದ್ಯರನ್ನು ಕಾಣಿ. ಖಿನ್ನತೆ ಇರಬಹುದು, ಥೈರಾಯ್ಡ್ ಇರಬಹುದು. ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಮುಂಚಿನ ಏರುಪೇರೂ ನಿದ್ದೆ, ಮನಸ್ಸು ಎರಡನ್ನೂ ಕೆಡಿಸುತ್ತದೆ. ಇವಕ್ಕೆಲ್ಲ ಚಿಕಿತ್ಸೆ ಇದೆ, ನೆಂಟರನ್ನು ದೂರಿ ಫಲವಿಲ್ಲ.

ಸೋಫಾ ಬಾಕಿ ಉಳಿಯಿತು. ಹೊಸದು ತರಬೇಡಿ, ಈ ಹೊತ್ತಿನಲ್ಲಿ ಅದು ಇನ್ನೊಂದು ಕೆಲಸ. ಹರಿದ ಜಾಗಕ್ಕೆ ಬಟ್ಟೆ ಮುಚ್ಚುತ್ತೀರಾದರೆ ಮುಚ್ಚಿ. ಅದಕ್ಕಿಂತ ಸುಲಭದ ಉಪಾಯ, ಅದರ ಮೇಲೆ ನೀವೇ ಕೂತುಕೊಳ್ಳಿ. ನೀವು ಏಳುವವರೆಗೆ ಅದು ಯಾರಿಗೂ ಕಾಣುವುದಿಲ್ಲ.